ಹೆಸರು ಹೇಳದೆ ತೆರೆದ ಲ್ಯಾಪ್‌ಟಾಪ್

ಚಿನ್ನು, ಪುಟ್ಟಿ, ನಿಮ್ಮ ತಾತನ ಲ್ಯಾಪ್‌ಟಾಪ್ ಕೆಟ್ಟ ದಿನದ ಸಂಗತಿ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಹೋದರೆ ನೀವಿಬ್ಬರೂ ನಗುತ್ತೀರಿ, ನಾನು ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ.

ತಾತ ನಮ್ಮೂರ ಹಾಲಿನ ಡೈರಿಯಲ್ಲಿ ಸೆಕ್ರೆಟರಿಯಾಗಿದ್ದರು. ಆ ಕೆಲಸ ಬಿಟ್ಟ ಮೇಲೆ ಪಾಂಡವಪುರದಲ್ಲಿ ಲ್ಯಾಪ್‌ಟಾಪ್ ಕೊಂಡು, ಫೋನಿನಲ್ಲಿ ತೆಗೆದ ಫೋಟೋಗಳನ್ನೆಲ್ಲ ಅದಕ್ಕೆ ತುಂಬುತ್ತಿದ್ದರು. ತೀರಿಕೊಳ್ಳುವ ಹಿಂದಿನ ವರ್ಷ ನಾವಿಬ್ಬರೇ ತೊಣ್ಣೂರು ಕೆರೆಗೆ ಹೋಗಿದ್ದೆವು. ನಾನು ನೀರಿಗೆ ಕಾಲು ಬಿಟ್ಟು ಕೂತಿದ್ದಾಗ ನನಗೆ ತಿಳಿಯದ ಹಾಗೆ ಒಂದು ಫೋಟೋ ತೆಗೆದರು. ಮನೆಗೆ ಬಂದು, "ಬಾಮ್ಮಿ ಇಲ್ಲಿ, ಎಂಗ್ ಬಂದದೆ ನೋಡು" ಎಂದು ಕರೆದರು.

"ನನ್ ಮೊಕ ನಾನೇನ್ ನೋಡದು, ಸುಮ್ಕಿರಿ" ಎಂದು ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಮಾರನೆಯ ದಿನವೂ ಕರೆದರು. ಆಮೇಲೆ ಕರೆಯಲಿಲ್ಲ.

ಅವರು ಹೋದ ಮೇಲೆ ಆ ಫೋಟೋ ನೋಡಬೇಕೆಂಬ ಆಸೆ ಹತ್ತಿತು. ನನ್ನ ಮುಖ ನೋಡಿಕೊಳ್ಳಲು ಅಲ್ಲ. ಆ ಹೊತ್ತು ಅವರ ಕಣ್ಣಿಗೆ ಏನು ಕಂಡಿತ್ತೋ ಅದು ನನಗೆ ಬೇಕಿತ್ತು. ಅವರ ಫೋನು ಆಸ್ಪತ್ರೆಯ ಓಡಾಟದಲ್ಲಿ ಕಳೆದುಹೋಗಿತ್ತು. ಉಳಿದದ್ದು ಲ್ಯಾಪ್‌ಟಾಪ್ ಒಂದೇ.

ಒಂದು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು, ಧೈರ್ಯ ಮಾಡಿ ತೆರೆದೆ. ಪಾಸ್‌ವರ್ಡನ್ನು ಅವರು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದರು. ತೆರೆಯಿತು, ಆದರೆ ಒಳಗೆ ಏನೂ ಇಲ್ಲ! ಅವರು ಇಟ್ಟಿದ್ದ ನಮ್ಮ ಕರುವಿನ ಚಿತ್ರ ಹೋಗಿ ಬರೀ ನೀಲಿ. ಮೂಲೆಯಲ್ಲಿ ಒಂದು ಇಂಗ್ಲಿಷ್ ಸಾಲು. ಏಳನೇ ಕ್ಲಾಸಿನವರೆಗೆ ಓದಿದ ನನ್ನ ಇಂಗ್ಲಿಷು ಅಕ್ಷರ ಗುರುತಿಸುವಷ್ಟೇ. ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಮಾಡಿದೆ. ಅದೇ ನೀಲಿ. ನಾನೇ ಏನೋ ಒತ್ತಿ ಎಲ್ಲವನ್ನೂ ಅಳಿಸಿಬಿಟ್ಟೆನೆಂದುಕೊಂಡೆ.

ನಾಗಮಂಗಲದ ಕಡೆ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ಓರಗಿತ್ತಿಯ ಮಗಳಿಗೆ ಫೋನು ಮಾಡಿ, ಆ ಸಾಲನ್ನು ಒಂದೊಂದೇ ಅಕ್ಷರವಾಗಿ ಓದಿದೆ.

"ಗಾಬ್ರಿ ಬೀಳ್ಬ್ಯಾಡಿ ದೊಡ್ಡವ್ವ, ಏನೂ ಓಗಿಲ್ಲ" ಎಂದಳು. "ಆ ಲ್ಯಾಪ್‌ಟಾಪ್‌ಗೆ ದೊಡ್ಡಪ್ಪನ ಮನೆ ದಾರಿ ಮರ್ತೋಗದೆ. ಪಕ್ಕದ್ ಖಾಲಿ ಮನೆ ಬಾಗ್ಲು ತೆಗ್ದು ನಿಮ್ಮುನ್ನ ಕೂರ್ಸದೆ. ಸಾಮಾನೆಲ್ಲ ದೊಡ್ಡಪ್ಪನ ಮನೇಲೇ ಅವೆ."

ಅವಳು ಹೇಳಿದಂತೆ ಹಳದಿ ಫೋಲ್ಡರ್ ಒತ್ತಿ, ಅದರೊಳಗೆ ಇನ್ನೊಂದು, ಮತ್ತೊಂದು ಒತ್ತಿದೆ. "ಈಗ ಯಾವ್ಯಾವ ಎಸ್ರು ಕಾಣ್ತವೆ, ಓದಿ."

ಎರಡು ಓದಿದೆ. ಮೂರನೆಯದು ನಿಮ್ಮ ತಾತನ ಹೆಸರು. ನಾಲಿಗೆ ಏಳಲಿಲ್ಲ.

"ಇನ್ನೊಂದು?"

"ಅದೇ ಕಣವ್ವ, ನಿಮ್ ದೊಡ್ಡಪ್ಪಂದು."

"ಅಂಗಂದ್ರೆ ಆಗಕಿಲ್ಲ. ಎಸ್ರಿನ ಇಂದ್ಗಡೆ ಅಂಕಿ-ಗಿಂಕಿ ಬಾಲ ಏನಾರ ಅದಾ ಅಂತ ತಿಳೀಬೇಕು. ಪೂರಾ ಓದಿ."

ಮದುವೆಯಾದಂದಿನಿಂದ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಕಾರ್ಡು ಮುಂದೆ ಹಿಡಿಯುತ್ತಿದ್ದೆ. ಆಸ್ಪತ್ರೆಯಲ್ಲಿ ಚೀಟಿಯ ಮೇಲೆ ಬರೆದುಕೊಟ್ಟಿದ್ದೆ. ಈಗಲೂ ಹೇಳದೆ, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿದೆ.

"ಓಹೋ! ಇಂಗ್ಲಿಷ್‌ನಲ್ಲಾದ್ರೆ ಪರ್ವಾಗಿಲ್ವಾ ದೊಡ್ಡವ್ವ?"

"ಬಿಡಿಬಿಡಿಯಾಗಿ ಯೋಳುದ್ರೆ ಎಸ್ರು ಆಯ್ತದಾ? ನಗಾಡ್ಬ್ಯಾಡ, ಮುಂದುಕ್ ಯೋಳು."

ಅವಳು ನಗುತ್ತಲೇ ಆ ಹೆಸರನ್ನು ಒತ್ತಲು ಹೇಳಿದಳು. ಒತ್ತಿದೆ. ಒಳಗೆ ಬಿಡಲು ಲ್ಯಾಪ್‌ಟಾಪ್ ಒಪ್ಪಿಗೆ ಕೇಳಿತು, ಕೊಟ್ಟೆ. ಮೇಲೊಂದು ಹಸಿರು ಗೆರೆ ನಿಧಾನವಾಗಿ ಹರಿಯಿತು. ಆಮೇಲೆ ಫೋಟೋಗಳು ಒಂದೊಂದೇ ಬಂದವು. ಡೈರಿಯ ಕಟ್ಟೆ, ನೀವು ಹುಟ್ಟಿದಾಗಿನವು, ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಲಾರಿ, ಕೊನೆಗೆ ತೊಣ್ಣೂರು.

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನೀರಿನ ಕಡೆ ಮುಖ ಮಾಡಿ, ನಾನು ಬಾಯಿ ತುಂಬ ನಗುತ್ತಿದ್ದೇನೆ. ಹಾಗೆ ನಗುತ್ತೇನೆಂದು ನನಗೇ ಗೊತ್ತಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅವರು ಏನೋ ಹೇಳಿ ನಗಿಸಿದ್ದರು. ಏನು ಹೇಳಿದ್ದರು? ಎಷ್ಟು ನೆನೆದರೂ ಬರಲಿಲ್ಲ.

"ಏನೂಂದ್ರೆ, ಅವತ್ತು ಏನಂದಿದ್ರಿ?" ಎಂದು ಬಾಯಿಂದ ಬಂದೇಬಿಟ್ಟಿತು.

ಫೋನಿನಲ್ಲಿ ಅವಳ ನಗು ನಿಂತುಹೋಯಿತು. "ಸಿಕ್ತಾ ದೊಡ್ಡವ್ವ?" ಎಂದಳು.

"ಫೋಟೋ ಸಿಕ್ತು ಕಣವ್ವ" ಎಂದೆ.

ಆ ಭಾನುವಾರ ಅವಳೇ ಬಂದು ಲ್ಯಾಪ್‌ಟಾಪ್ ಸರಿಮಾಡಿದಳು. ದಿನಾ ಒಂದು ಸಲ ಆ ಫೋಟೋ ತೆಗೆದು ನೋಡುತ್ತೇನೆ. ಅವರ ಮಾತು ಮಾತ್ರ ಇನ್ನೂ ನೆನಪಾಗಿಲ್ಲ. ಎಂದಾದರೂ ನೆನಪಾದರೆ ಬರೆಯೋಣವೆಂದು ಈ ಹಾಳೆಯ ಕೆಳಗೆ ಅರ್ಧ ಜಾಗ ಬಿಟ್ಟಿದ್ದೇನೆ. ಖಾಲಿ ಇದೆಯೆಂದು ಹರಿದುಕೊಳ್ಳಬೇಡಿ ಮಕ್ಕಳೇ. ಈ ಕಾಗದದ ಹಾಳೆಗಳನ್ನೆಲ್ಲ ಹೀಗೇ ಜೋಪಾನವಾಗಿ ಇಟ್ಟುಕೊಂಡಿರಿ.