ದುರುಗಣ್ಣನ ದಪ್ಪ ಅಕ್ಷರ

ರಾಂಪುರದಲ್ಲಿ ಬೋರ್ಡು ಬರೆಯುವ ದುರುಗಣ್ಣನಿಗೆ ತೆಳ್ಳನೆಯ ಅಕ್ಷರ ಕಂಡರೆ ಮೈ ಉರಿಯುತ್ತದೆ. ನಲವತ್ತು ವರ್ಷದಿಂದ ಅವನ ಅಕ್ಷರದ್ದು ಒಂದೇ ವರಸೆ. ಮೈ ದಪ್ಪ, ತಿರುವಿನಲ್ಲಿ ಮಾತ್ರ ಸಣ್ಣ, ನೆತ್ತಿಯ ಮೇಲೆ ಅಗಲವಾದ ತಲೆಕಟ್ಟು, ಅದರ ತುದಿಗೊಂದು ಚೂಪು. ಹಿಟ್ಟಿನ ಗಿರಣಿ, ಲಾರಿಯ ಹಿಂಬದಿ, ಬಸ್ಸಿನ ಬೋರ್ಡು, ಎಲ್ಲಕ್ಕೂ ಅದೇ. ಹಳೇ ಕಾಲದ್ದು ಎಂದು ನಕ್ಕವರಿಗೆ ಅವನದು ಒಂದೇ ಉತ್ತರ: "ಅಕ್ಷರ ಇರೋದು ಓದಾಕೆ ಕಣಪ್ಪ, ಶೋಕಿಗಲ್ಲ."

ಆ ಅಕ್ಷರದಿಂದಲೇ ಓದು ಕಲಿತವಳು ಪಕ್ಕದ ಮನೆಯ ಪಾಪಕ್ಕ. ಕೂಲಿ ಮಾಡಿ ಬದುಕುವ ಹೆಂಗಸು. ಊರಲ್ಲಿ ಸಾಕ್ಷರತಾ ತರಗತಿ ನಡೆಸಿ ದೊಡ್ಡವರಿಗೆ ಓದು ಕಲಿಸಿದ ವರ್ಷ ದುರುಗಣ್ಣ ಶಾಲೆಯ ಗೋಡೆಗೆ ಮೊಳದುದ್ದದ ಅಕ್ಷರ ಬರೆದಿದ್ದ. ಪಾಪಕ್ಕ ಅವುಗಳ ಮೇಲೆ ಬೆರಳಾಡಿಸಿ ಕಲಿತಳು. ಈಗ ಬಳ್ಳಾರಿ ಬಸ್ಸೋ ಚಳ್ಳಕೆರೆ ಬಸ್ಸೋ ಎಂದು ಯಾರನ್ನೂ ಕೇಳುವುದಿಲ್ಲ. ಅವಳಿಗೆ ಅದೇ ದೊಡ್ಡ ಹೆಮ್ಮೆ.

ಈ ಸಲ ಅವಳು ಕೂಲಿಗೆ ಹೋಗುವ ಹೊಲದವರು ತಮ್ಮ ಬಿತ್ತನೆ ಮುಗಿದ ಮೇಲೆ ಉಳಿದ ಶೇಂಗಾ ಬೀಜವನ್ನು ಚೀಲದ ಸಮೇತ ಅವಳಿಗೆ ಕೊಟ್ಟರು. ಔಷಧ ಸವರಿಯೇ ಚೀಲಕ್ಕೆ ತುಂಬಿದ ಬೀಜ ಅದು. ಶೇಂಗಾ ಬೀಜದ ಸಿಪ್ಪೆಯೇ ಕೆಂಪು, ಔಷಧದ ಕೆಂಪು ಅದರಲ್ಲಿ ಎಲ್ಲಿ ಕಾಣಬೇಕು? ಪಾಪಕ್ಕ ತನ್ನ ಎರಡು ಕುರಿಗಳಿಗೆ ಹಾಕಿದಳು. ಸಂಜೆಯೊಳಗೆ ಎರಡೂ ನೊರೆ ಕಾರಿ ಸತ್ತವು.

ಆ ಚೀಲ ಮಾರಿದ ಬೀಜದಂಗಡಿಯ ಮಾರುತೇಶನನ್ನು ಕೇಳಲು ಹೋದರೆ, ಅವನು ಹತ್ತು ಜನರೆದುರು, "ಚೀಲದ ಮ್ಯಾಲೆ ಬರ್ದೈತಲ್ಲ! ಓದಾಕೆ ಬಾರ್ದೋರಿಗೆ ನಾನೇನ್ ಮಾಡ್ಲಿ?" ಅಂದುಬಿಟ್ಟ.

ಕುರಿ ಸತ್ತಾಗ ಅತ್ತವಳು ಆ ಮಾತಿಗೆ ಅಳಲೂ ಇಲ್ಲ. ನೆಟ್ಟಗೆ ಮನೆಗೆ ಹೋಗಿ ಚೀಲ ತಂದು ದುರುಗಣ್ಣನ ಮುಂದೆ ಹಾಸಿದಳು.

ಚೀಲದ ತುಂಬಾ ನಗುವ ರೈತ, ಹೂವು, ಬಳ್ಳಿ. ಎಲ್ಲೋ ಅಂಚಿನಲ್ಲಿ, ಬಿಳಿ ಚೀಲದ ಮೇಲೆ ಹಳದಿ ಬಣ್ಣದಲ್ಲಿ, ಕೂದಲೆಳೆಯಂಥ ವಯ್ಯಾರದ ಅಕ್ಷರ: "ವಿಷ, ತಿನ್ನಬಾರದು." ಜೀವ ತೆಗೆಯುವ ಸಂಗತಿಯನ್ನು ಹೀಗೆ ಪಿಸುಗುಟ್ಟಿದವನಿಗೆ ಏನನ್ನಬೇಕು? ದುರುಗಣ್ಣ ಥೂ ಎಂದು ಉಗಿದ. ಕೆಂಪು ಬಣ್ಣದ ಡಬ್ಬಿ, ಅಗಲದ ಬ್ರಷ್ಷು ಎತ್ತಿಕೊಂಡು ಹೊರಟ. ಪಾಪಕ್ಕ ಹಿಂದೆಯೇ ಬಂದಳು.

ಅಂಗಡಿಯ ಬಾಗಿಲಿಗೆ ಚೀಲ ತೂಗುಹಾಕಿ, "ಹತ್ತು ಹೆಜ್ಜೆ ಹಿಂದಕ್ ಬಂದು ಓದ್ರಿ ಸಾವ್ಕಾರ್ರೆ" ಅಂದ.

ಮಾರುತೇಶ್ ಕಣ್ಣು ಕಿರಿದು ಮಾಡಿದ. ಕನ್ನಡಕ ಹಾಕಿದ. ಕೊನೆಗೆ ಮೂಗು ಚೀಲಕ್ಕೆ ತಾಗುವಷ್ಟು ಹತ್ತಿರ ಬಂದ.

"ಓದಾಕೆ ಬಾರ್ದೋರು ಯಾರ್ರಿ ಈಗ?" ದುರುಗಣ್ಣ ಕೇಳಿದ.

"ಕಂಪನಿಯೋರು ಹಾಕ್ಸಿದ್ದು ಮಾರಾಯ. ವಿಷ ಅಂತ ದಪ್ಪಕ್ಕೆ ಬರೆದ್ರೆ ಚೀಲ ಯಾರ್ ಮುಟ್ತಾರೆ?"

ನಿಜ ತಾನಾಗಿಯೇ ಹೊರಬಿತ್ತು. ಸುತ್ತ ನಿಂತವರ ಮುಖ ಗಂಟಿಕ್ಕಿತು. ದುರುಗಣ್ಣ ಬ್ರಷ್ಷು ಅದ್ದಿ ಮುಂದೆ ಜೋಡಿಸಿದ್ದ ಚೀಲಗಳ ಮೇಲೆ ಬರೆಯತೊಡಗಿದ. ಮಾರುತೇಶ್ ಕೂಗಾಡಿದ. ಬೀಜ ಕೊಳ್ಳಲು ಬಂದ ಮುದುಕನೊಬ್ಬ, "ಬರೀಲಿ ಬಿಡ್ರಿ, ನಮ್ಮನೇಲೂ ಕುರಿ ಅವೆ" ಎಂದು ಅಡ್ಡ ನಿಂತ.

ಬರೆದು ಮುಗಿಸಿ ದುರುಗಣ್ಣ ತಿರುಗಿದ. ಪಾಪಕ್ಕ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದಳು.

"ಓದವ್ವ ಪಾಪಕ್ಕ."

"ವಿಷ! ತಿನ್ನಬಾರದು!" ಅವಳ ದನಿಗೆ ಇಡೀ ಬೀದಿ ತಿರುಗಿ ನೋಡಿತು.

ಒಂದೇ ಚೀಲಕ್ಕೆ ನಿಲ್ಲಿಸಲಿಲ್ಲ. ಅಲ್ಲಿದ್ದ ಹನ್ನೊಂದು ಚೀಲಗಳನ್ನೂ ಒಂದೊಂದಾಗಿ, ಅದೇ ಗಂಟಲಲ್ಲಿ, ಮಾರುತೇಶನ ಮುಖ ನೋಡುತ್ತಲೇ ಓದಿದಳು.