ಬೀಗದ ಮನೆಯ ನಂದಿಬಟ್ಟಲು

ಆಗೆಲ್ಲ ಬಸವನಗುಡಿಯಲ್ಲಿ ಬೆಳಗಾಗುತ್ತಿದ್ದುದೇ ಹೂ ಕೀಳುವವರಿಂದ. ನೀವೂ ನೋಡಿರುತ್ತೀರಿ: ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ಕೊಕ್ಕೆ ಕೋಲು, ಬಾಯಲ್ಲಿ ದೇವರ ನಾಮ. ನಮ್ಮಮ್ಮನೂ ಅವರಲ್ಲೊಬ್ಬಳು. ಕಾಂಪೌಂಡಿನಾಚೆ ಚಾಚಿದ ಹೂವು ದೇವರದ್ದು ಎಂಬುದು ಅವಳ ಕಾನೂನು.

ತೊಂಬತ್ತರ ದಶಕದ ಒಂದು ಜನವರಿ. ನನಗೆ ಒಂಬತ್ತು ವರ್ಷ, ಅಮ್ಮನ ಪಕ್ಕದಲ್ಲೇ ಇದ್ದೆ. ಮೂಲೆಮನೆಯ ಮೇಷ್ಟ್ರು ಗೇಟಿಗೆ ಬಂದು, "ಏನಮ್ಮಾ, ಹೂವು ನಮ್ದು, ಪುಣ್ಯ ನಿಮ್ದಾ?" ಎಂದರು. ಅಮ್ಮ ಕವರನ್ನು ಅವರ ಗೇಟಿನ ಮೇಲಿಟ್ಟು ಮನೆಗೆ ಬಂದಳು. ಅಂದಿನಿಂದ ನಮ್ಮ ದೇವರಿಗೆ ಹೂವಿನ ಬದಲು ಬರೀ ಅಕ್ಷತೆ. "ನಮ್ಮ ಗಿಡ ಬಿಟ್ಟಮೇಲೇನೇ ಹೂವು" ಎಂದು ಹಟ ಹಿಡಿದಳು.

ಅಪ್ಪ ಲಾಲ್‌ಬಾಗಿನ ಹೂ ಪ್ರದರ್ಶನಕ್ಕೆ ಹೋಗಿ ಮೈತುಂಬ ಅರಳಿದ ನಾಲ್ಕು ಗುಲಾಬಿ ಗಿಡ ತಂದರು. ಅರಳಿದ್ದಕ್ಕೆ ಮರುಳಾಗುವುದು ನಮ್ಮ ಕಡೆಯವರೆಲ್ಲರ ತಪ್ಪು. ನಲ್ಲಿ ದಿನ ಬಿಟ್ಟು ದಿನ ಬರುವ ಮನೆಯಲ್ಲಿ ಗುಲಾಬಿಗೆಲ್ಲಿಯ ನೀರು? ಶಿವರಾತ್ರಿಗೆ ಎಲೆ ಉದುರಿತು, ಯುಗಾದಿಗೆ ಕಡ್ಡಿ ಉಳಿಯಿತು. ಹೋಳಿಗೆಯ ಬೆಲ್ಲ, ಏಲಕ್ಕಿ ಘಮಘಮಿಸುತ್ತಿದ್ದ ಮನೆಯಲ್ಲಿ ಅಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. "ಹಬ್ಬಕ್ಕೂ ಅಕ್ಷತೇನೇ ಕಣೇ ಪುಟ್ಟಿ" ಎಂದಳು.

ನಾನು ಕುಂಟೆಬಿಲ್ಲೆ ಆಡಲು ಹೋಗುತ್ತಿದ್ದ ಗವಿಪುರದ ಬೀದಿಯಲ್ಲಿ ವರ್ಷಗಳಿಂದ ಬೀಗ ಬಿದ್ದ ಮನೆಯೊಂದಿತ್ತು. ಆ ಸುಡುಬಿಸಿಲಲ್ಲೂ ಅದರ ಅಂಗಳದಲ್ಲಿ ನಂದಿಬಟ್ಟಲು, ಕೆಂಪು ಕಣಗಿಲೆ ಹೂವಿನಲ್ಲಿ ಮುಳುಗಿದ್ದವು. ಅಮ್ಮನನ್ನು ಎಳೆದುಕೊಂಡು ಹೋಗಿ ತೋರಿಸಿದೆ.

"ಇಲ್ಲಿ ಯಾರೇ ನೀರು ಹಾಕ್ತಾರೆ?"

"ಯಾರೂ ಹಾಕಲ್ಲ. ನಮ್ಮನೇಲೂ ಅಷ್ಟೇ ಅಲ್ವಾ?"

ಅಮ್ಮ ನಕ್ಕಳು. ನಾನು ಕೊಂಬೆಗೆ ಕೈ ಹಾಕಿದ್ದೇ ತಡ, ಬೆನ್ನಿಗೊಂದು ಏಟು ಬಿತ್ತು. "ಕಡ್ಡೀನೂ ಕದಿಯೋದೇನೇ?"

ಆ ಮನೆಯ ಬೀಗದ ಕೈ ಇದ್ದದ್ದು ಗೇಟಿನ ಮುಂದೆ ಗಾಡಿ ನಿಲ್ಲಿಸಿಕೊಂಡಿದ್ದ ಇಸ್ತ್ರಿ ಮುನಿಯಪ್ಪನ ಬಳಿ. ಕೊಂಬೆಗಳು ಅವನ ಗಾಡಿಯ ಮೇಲೇ ಬಗ್ಗಿದ್ದವು.

"ಮುನಿಯಪ್ಪಣ್ಣಾ, ಕೊಂಬೆ ಧೂಳೆಲ್ಲ ಬಿಳೀ ಶರ್ಟಿನ ಮೇಲೆ ಬೀಳ್ತಿದೆಯಲ್ಲ?" ಎಂದೆ.

"ಬೈಸ್ಕೊಂಡು ಸಾಕಾಗೈತೆ ಕಣವ್ವಾ. ಓನರ್ರೂ ಕತ್ತರಿಸು ಅಂದವ್ರೆ. ಪುರುಸೊತ್ತೆಲ್ಲಿ?"

"ನಾವೇ ಕತ್ತರಿಸಿ, ಗುಡಿಸಿ ಕೊಡ್ತೀವಿ. ಕತ್ತರಿಸಿದ್ದು ನಮಗೆ."

ಅವನು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಅಮ್ಮನ ಕಡೆ ತಿರುಗಿದ. "ಅಮ್ಮಾವ್ರೇ, ಇವಳನ್ನ ಓದಿಸಬ್ಯಾಡಿ, ಸೀದಾ ಮಾರ್ಕೆಟ್ಟಿಗೆ ಕಳ್ಸಿ!"

ಅದು ನನ್ನ ಮೊದಲ ವ್ಯಾಪಾರ. ಹಾಲುಸೊನೆಯ ಹಸಿ ವಾಸನೆಯ ಕಡ್ಡಿಗಳನ್ನು ನೆರಳಲ್ಲಿ ನೆಟ್ಟು ಅಕ್ಕಿ ತೊಳೆದ ನೀರು ಹಾಕಿದೆವು. ಚಿಗುರಿದವನ್ನು ಮಳೆ ಹಿಡಿದ ಮೇಲೆ ನೆಲಕ್ಕಿಳಿಸಿದೆವು. ಮರುವರ್ಷ ಯುಗಾದಿಯ ಬೆಳಗ್ಗೆ ಅಮ್ಮ ಎಣ್ಣೆ ಸ್ನಾನ ಮಾಡಿ, ತಲೆಗೆ ಟವೆಲ್ ಸುತ್ತಿಕೊಂಡೇ ಹಿತ್ತಲಿಗೆ ಹೋದಳು. ತಟ್ಟೆ ತುಂಬಿತು, ಸೆರಗೂ ತುಂಬಿತು. ಅಂದು ದೇವರ ಮುಖ ಕಾಣದಷ್ಟು ಹೂವು ಏರಿಸಿದಳು.

ಇಂದಿಗೂ ಗಿಡ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಜನವರಿಯಲ್ಲಿ ಕಣ್ತುಂಬಿಕೊಳ್ಳಿ, ಏಪ್ರಿಲ್‌ನಲ್ಲಿ ಆರಿಸಿ. ಯಾರೂ ನೋಡಿಕೊಳ್ಳದ ಜಾಗದಲ್ಲಿ ಯಾವುದು ನಗುತ್ತಿದೆಯೋ ಅದೇ ನಿಮ್ಮ ಗಿಡ. ಕಣಗಿಲೆ ಮಾತ್ರ ವಿಷ, ಚಿಕ್ಕ ಮಕ್ಕಳಿದ್ದರೆ ಬೇಡ.

ಆ ಬೀಗದ ಮನೆ ಈಗ ಅಪಾರ್ಟ್‌ಮೆಂಟು, ನಮ್ಮ ಹಿತ್ತಲು ಪಾರ್ಕಿಂಗು. ಅಮ್ಮನೂ ಇಲ್ಲ. ಹೂ ಕೊಯ್ಯುವಾಗ ಅವಳು ಪ್ರತಿ ಗಿಡದಲ್ಲೂ ಎರಡು ಬಿಡುತ್ತಿದ್ದಳು, "ಗಿಡಕ್ಕೂ ಅಲಂಕಾರ ಬೇಡ್ವೇನೇ?" ಎನ್ನುತ್ತ. ನನ್ನ ಬಾಲ್ಕನಿಯ ಕುಂಡದಲ್ಲಿ ಅದೇ ನಂದಿಬಟ್ಟಲು ಚೆನ್ನಾಗಿಯೇ ಬದುಕಿದೆ. ಬೆಳಗ್ಗೆ ನನಗೆ ಪುರುಸೊತ್ತಿಲ್ಲ, ದೇವರಿಗೆ ಹೂವು ಪ್ಯಾಕೆಟಿನಲ್ಲಿ ಬರುತ್ತದೆ. ಗಿಡದ್ದೆಲ್ಲ ಗಿಡದಲ್ಲೇ ಉಳಿಯುತ್ತದೆ.