ಅತ್ತೆಯ ಕೂಗು ಕೇಳಿ ಕೊಯ್ದ ಹುಲ್ಲು

ನನ್ನ ಸೋದರತ್ತೆಯ ಮುಂದಿನ ಎರಡು ಹಲ್ಲುಗಳ ನಡುವೆ ಹುಲ್ಲುಕಡ್ಡಿ ಸಲೀಸಾಗಿ ಹೋಗುವಷ್ಟು ಸಂದು ಇತ್ತು. ಆ ಸಂದಿನಿಂದ ಸೀಟಿ ಬೆರೆತು ಹೊರಡುವ ಕೂಗನ್ನು ಕಲಿಯಲು ನಾನು ಒಂದಿಡೀ ಮಳೆಗಾಲ ಕನ್ನಡಿ ಎದುರು ಹಲ್ಲು ಕಿಸಿದವ. ಕಲಿತದ್ದನ್ನು ತೋರಿಸದೆ ಇರಲು ನಾನೇನು ಸನ್ಯಾಸಿಯಾ? ತೋರಿಸಿದೆ. ಅದರಿಂದ ಒಂದು ಗುಡ್ಡೆಯ ಹುಲ್ಲು ಕೊಳೆಯಿತು.

ತೋಡಾರಿನ ಪದವು ಎಂಬ ಗುಡ್ಡೆ ಮೇಲಿನ ಹುಲ್ಲುಬಯಲಲ್ಲಿ ಮಳೆ ಹಿಂದೆ ಸರಿಯುವ ಹೊತ್ತಿಗೆ ಮುಳಿಹುಲ್ಲು ಸೊಂಟದೆತ್ತರ. ಬೇಗ ಕೊಯ್ದರೆ ಸಂಜೆಯ ಗುಡುಗುಮಳೆಗೆ ಕೊಳೆಯುತ್ತದೆ, ತಡವಾದರೆ ದನ ಮೂಸುವುದೂ ಇಲ್ಲ. ಅತ್ತೆ ಒಂದು ಎಸಳು ಕಚ್ಚಿ, ಉಗಿದು, ಬೆಳ್ತಂಗಡಿ ಕಡೆಯ ಘಟ್ಟ ನೋಡಿ ಕೂಗುತ್ತಿದ್ದರು: “ಓಯ್, ಕತ್ತಿ ಹಿಡಿದು ಬನ್ನಿ!”

ಕರೆದದ್ದು ನಮ್ಮನ್ನು ಮಾತ್ರ. ಆದರೆ ಆಚೆ ಗುಡ್ಡೆಯ ಹೋಟೆಲ್ ಧಣಿಗಳು ಅದೇ ಕೂಗಿಗೆ ಕಿವಿ ಇಟ್ಟು ತಮ್ಮ ಆಳುಗಳನ್ನು ಇಳಿಸುವುದು ವರ್ಷವರ್ಷದ ಕ್ರಮ. ಅವರ ಕೈಯಲ್ಲಿ ಹವಾಮಾನ ಹೇಳುವ ಫೋನು ಬೇರೆ! ಅತ್ತೆಯ ಅಂದಾಜೂ ಕೆಲವೊಮ್ಮೆ ತಪ್ಪುತ್ತಿತ್ತು. “ಮಳೆಗೆ ನನ್ನ ಹತ್ತಿರ ಕೇಳಿ ಬರುವ ಕ್ರಮ ಇಲ್ಲ” ಎಂದು ಒದ್ದೆ ಹುಲ್ಲನ್ನು ಅಡುಗೆಮನೆಯ ಅಟ್ಟದಲ್ಲಿ ಹರಡುತ್ತಿದ್ದರು. ಯಾರನ್ನೂ ದೂರಿದವರಲ್ಲ.

ಆ ದಿನ ಅತ್ತೆ ‘ಇವತ್ತು ಬೇಡ’ ಎಂದು ಮನೆಯಲ್ಲೇ ಕೂತಿದ್ದರು. ನಾನು ಪದವಿನ ಬಯಲಿಗೆ ಹೋಗಿ, ಗೆಳೆಯರನ್ನು ನಗಿಸಲಿಕ್ಕೆಂದು ಅವರ ಹಾಗೆ ಕೂಗಿದೆ. ಆಚೆ ಧಣಿಗಳ ಗುಡ್ಡೆ ಬೋಳಾಯಿತು. ಸಂಜೆ ಶುರುವಾದ ಮಳೆ ಆ ವಾರ ಬಿಡಲೇ ಇಲ್ಲ.

ನಮ್ಮ ಹುಲ್ಲು ಆಮೇಲೆ ಕೊಯ್ಲಾಗಿ, ಒಣಗಿ, ಮನೆ ಸೇರಿದ ಮೇಲೆ ಧಣಿಗಳು ಅಂಗಳಕ್ಕೆ ಬಂದು ಅತ್ತೆಯ ಎದುರು ನಿಂತರು.

“ನಿಮ್ಮ ಸ್ವರ ನಂಬಿ ಕೆಟ್ಟೆ. ನಿಮ್ಮ ಹುಲ್ಲಲ್ಲಿ ಅರ್ಧ ನನ್ನ ಹಟ್ಟಿಗೆ ಬರಬೇಕು.”

ಅರ್ಧ ಹೋದರೆ ಬೇಸಿಗೆಯಲ್ಲಿ ನಮ್ಮ ದನಗಳ ಬಾಯಿಗೆ ಮಣ್ಣು. ನಾನು ಅಡ್ಡ ನಿಂತೆ. “ಕೂಗಿದ್ದು ನಾನು!” ನಂಬಲಿಲ್ಲ. ಅಲ್ಲೇ ಕೂಗಿ ತೋರಿಸಿದೆ. ಹಟ್ಟಿಯಲ್ಲಿ ಮಲಗಿದ್ದ ದನ ಎದ್ದು ನಿಂತು ಉತ್ತರ ಕೊಟ್ಟಿತು.

“ಯಾರು ಕೂಗಿದರೇನು ಮಾರಾಯ, ಸ್ವರ ಇವರದ್ದೇ ಅಲ್ವಾ?” ಎಂದರು ಧಣಿಗಳು.

ಎಂಥ ನ್ಯಾಯ! ಬೈಯುವುದಾದರೆ ನನಗೆ ಬೈಯಲಿ, ಕಿವಿ ಹಿಂಡಲಿ. ಕದ್ದು ಕೇಳಿದ ಕೂಗಿಗೆ ಸ್ವರದ ಒಡತಿಯೇ ಜಾಮೀನಾ? ಅತ್ತೆ ಈಗ ಇಲ್ಲ. ನನ್ನ ಸಿಟ್ಟು ಇನ್ನೂ ಉಂಟು. ಅವರ ಸ್ವರವೂ ನನ್ನ ಗಂಟಲಲ್ಲಿ ಉಂಟು, ಆದರೆ ಪದವಿನಲ್ಲಿ ತೆಗೆಯುವುದಿಲ್ಲ.

ಅವತ್ತು ಅಂಗಳದಲ್ಲಿ ಅತ್ತೆಗೆ ಸಿಟ್ಟೇ ಬರಲಿಲ್ಲ. “ನಿನ್ನನ್ನು ಆಮೇಲೆ ನೋಡಿಕೊಳ್ತೇನೆ” ಎಂದು ನನ್ನನ್ನು ಬದಿಗೆ ಸರಿಸಿ, ಧಣಿಗಳ ಮುಖ ನೋಡಿದರು.

“ಇಷ್ಟು ವರ್ಷ ನನ್ನ ಸ್ವರ ಕೇಳಿ ಕೊಯ್ದ ಹುಲ್ಲು ಚೆಂದ ಒಣಗಿತಲ್ಲ ಧಣಿ, ಅದನ್ನು ತಿಂದು ನಿಮ್ಮ ದನ ಕೊಟ್ಟ ಹಾಲಲ್ಲಿ ಅರ್ಧ ಯಾವತ್ತು ತಂದಿರಿ?”